ಮೆಂಬರ್ ಮುತ್ಯಾನ ಮಗಳು

ನಮ್ಮ ಮುತ್ಯಾ, ನಮ್ಮಪ್ಪನ ಅಪ್ಪ, ಸತ್ತು ಐವತ್ತು ವರ್ಷದ ಮ್ಯಾಲಾತು. ಹಂತಾವನ ಫೋಟೋ ಮೊನ್ನಿನ ಎಲೆಕ್ಷನ್ ಮುಂದ ಮತ್ತ ಊರೂರು ತಿರುಗಿತು. ನನ್ನ ತಮ್ಮ ಪಕ್ಷೇತರ ನಿಲ್ಲತೇನಂತ ಹೊಂಟಿದ್ದ, ಅದಕ್ಕ ಪಾಂಪ್ಲೆಟ್ ಮಾಡಿಸಿದ್ದ. ಮ್ಯಾಲೆ ಮುತ್ಯಾ ರುಮಾಲು ಸುತ್ತಿ ಹುಬ್ಬು ಗಂಟು ಹಾಕಿ ಕುಂತಾನ. ಕೆಳಗ ನನ್ನ ತಮ್ಮ ಹಲ್ಲು ಕಿಸಿದು ಕೈ ಮುಗದಾನ. ನಡುವ ಕೆಂಪಕ್ಷರದಾಗ ಮುತ್ಯಾನ ಮಾತು: 'ಹೆಣ್ಣುಮಗಳ ಪಾಲು ಆಕಿ ಉಡಿಯಾಗ ಅದ.' ಆಳಂದ ಬಸ್ ಸ್ಟ್ಯಾಂಡಿನ್ಯಾಗ ಯಾರೋ ನನ್ನ ಕೈಯಾಗೂ ಒಂದು ತುರುಕಿದ್ರು. ಮೈಯೆಲ್ಲಾ ಉರೀತು ನೋಡ್ರಿ. ಅದರಾಗೇ ಭಜಿ ಕಟ್ಟಿಸಿಕೊಂಡು ಮನಿಗೆ ಬಂದೆ.

ಮುತ್ಯಾ ನಿಜಾಮರ ಕಾಲದಾಗ ಮೆಂಬರ್ ಇದ್ದ. ಹೈದರಾಬಾದಿನ ಕಾಯ್ದೆ ಮಾಡೋ ಸಭಾದಾಗ ಜಮೀನುದಾರರ ಕಡಿಂದ ಅವಗೊಂದು ಕುರ್ಚಿ ಇತ್ತು. ಅಫಜಲಪುರದ ಕಡೆ ಇವತ್ತಿಗೂ ನಮ್ಮ ಮನಿಗೆ ಮೆಂಬರ್ ಮನಿ ಅಂತನೇ ಅಂತಾರ. ಆ ಸಭಾದಾಗ ಕುಂತವರೆಲ್ಲಾ ಒಂದಿಲ್ಲೊಂದು ಗುಂಪಿನವರೇ. ಸರ್ಕಾರದ ಮಂದಿ ಒಂದು ಕಡೆ, ಸರ್ಕಾರ ಹೋಗಬೇಕನ್ನೋ ಮಂದಿ ಇನ್ನೊಂದು ಕಡೆ. ಮುತ್ಯಾ ಯಾರ ಟೊಪ್ಪಿಗೀನೂ ಹಾಕಲಿಲ್ಲ. 'ನನ್ನ ತಲಿ ಮ್ಯಾಲೆ ರುಮಾಲು ಅದ, ಮತ್ತೊಂದಕ್ಕ ಜಾಗಾ ಇಲ್ಲ' ಅಂತಿದ್ದನಂತ.

ಸರ್ಕಾರ ರೈತರ ಮನಿ ಹೊಕ್ಕು ಜುಲುಮಿಲೆ ಜೋಳ ಎತ್ತಿದಾಗ ಎಲ್ಲಾರಕಿನ ಮೊದಲು ಎದ್ದು ನಿಂತಾವ ಅವನೇ. ಗುಡಿ ಬಾಗಲ ಎಲ್ಲಾರಿಗೂ ತಗೀರಿ ಅಂದಾಗ ಬ್ಯಾಡಂತ ಎದ್ದು ನಿಂತಾವನೂ ಅವನೇ. ಗಂಡುಹುಡುಗರ ಸಾಲಿಗೆ ತನ್ನ ಸ್ವಂತ ಜಾಗಾ ಕೊಟ್ಟ. ಹುಡುಗ್ಯಾರಿಗೊಂದು ಸಾಲಿ ಅಂದ್ರ, ಅಕ್ಷರ ಕಲಿತು ಯಾರಿಗೆ ಅರ್ಜಿ ಬರೀಬೇಕು ಅಂತ ಕೇಳಿದ. ಲಗ್ನದ ವಯಸ್ಸು ಏರಸ್ರಿ ಅಂದ್ರ, ನಮ್ಮ ಮನಿ ಹಸಿಮಣಿಗೆ ಸರ್ಕಾರದ ಗಡಿಯಾರ ಬ್ಯಾಡ ಅಂದ. ಒಂದು ಕಡಿಂದ ನೋಡಿದ್ರ ಹಠಮಾರಿ, ಇನ್ನೊಂದು ಕಡಿಂದ ನೋಡಿದ್ರೂ ಹಠಮಾರಿ.

ಲಂಚ ಮುಟ್ಟಲಿಲ್ಲ, ಅದನ್ನ ಒಪ್ಪಬೇಕು. ಮಂದಿ ಮನಿ ಅನ್ನಾನೂ ಮುಟ್ಟಲಿಲ್ಲ. ಹೈದರಾಬಾದಿಗೆ ಹೊಂಟ್ರ ಅವನ ಹೆಂಡತಿ, ನಮ್ಮ ಆಯಿ, ರೊಟ್ಟಿ ಗಂಟು ಕಟ್ಟತಿದ್ದಳು, ಹಿತ್ತಾಳಿ ತಂಬಿಗಿ ತುಂಬ ಬಾವಿ ನೀರು ಕೊಡತಿದ್ದಳು. ದೊಡ್ಡ ದೊಡ್ಡ ನವಾಬರ ದಾವತ್ತಿನಾಗೂ ಮುತ್ಯಾ ಒಂದು ಮೂಲ್ಯಾಗ ಕುಂತು ತನ್ನ ಗಂಟು ಬಿಚ್ಚತಿದ್ದ. ಉರ್ದುದಾಗ ಭಾಷಣ ಮಾಡಿದ್ರ ಅದೇ ನವಾಬರು ವಾಹ್ ವಾಹ್ ಅಂತಿದ್ರಂತ. ಶರಣರ ಹೆಸರು ಹೇಳೋ ಮನಿತನ ನಮ್ಮದು. ಶರಣರು ಬ್ಯಾಡ ಅಂದದ್ದನ್ನೆಲ್ಲಾ ಮುತ್ಯಾ ಹಣಿ ತುಂಬ ವಿಭೂತಿ ಹಚ್ಚಿಗೊಂಡೇ ಮಾಡಿದ. ಈ ಮಾತು ನಾ ಸಣ್ಣಾಕಿದ್ದಾಗ ಅಂದಿದ್ರ ಕಪಾಳಕ್ಕ ಬೀಳತಿತ್ತು.

ಅವನ ಹೆಸರಾದ ಭಾಷಣ ಒಂದೇ. ಹೆಣ್ಣುಮಕ್ಕಳಿಗೂ ಅಪ್ಪನ ಹೊಲದಾಗ ಪಾಲು ಕೊಡಬೇಕು ಅನ್ನೋ ಮಾತು ಸಭಾದಾಗ ಬಂತಂತ. ಮುತ್ಯಾ ಎದ್ದು ರುಮಾಲು ಸರಿ ಮಾಡಿಕೊಂಡು ಅಂದನಂತ: 'ನಮ್ಮ ಕಡೆ ಅಣ್ಣತಮ್ಮಂದಿರು ವರ್ಷಾವರ್ಷ ಪಂಚಮಿಗೆ ಅಕ್ಕತಂಗ್ಯಾರನ್ನ ಕರೆಸಿ ಉಡಿ ತುಂಬತಾರ. ಜೀವ ಇರೋತನ ತುಂಬತಾರ. ಹೆಣ್ಣುಮಗಳ ಪಾಲು ಆಕಿ ಉಡಿಯಾಗ ಅದ. ತುಂಬಿದ ಉಡಿ ಇದ್ದಾಕಿಗೆ ಹೊಲ ಯಾಕ ಬೇಕು?' ಮುಪ್ಪಿನ ಕಾಲಕ್ಕ ಹೊರಸಿನ ಮ್ಯಾಲೆ ಮಲಗಿ, ನನ್ನ ಎದುರಿಗೆ ನಿಲ್ಲಿಸಿ ಇದನ್ನ ಬಾಯಿಪಾಠ ಅನ್ನಸತಿದ್ದ. ನಾ ತಪ್ಪಿಲ್ಲದಂಗ ಅಂದ್ರ ಶೇಂಗಾ ಬೆಲ್ಲ ಕೈಗೆ ಹಾಕತಿದ್ದ. ಏನರೆ ಅನ್ರಿ, ನನಗ ಮುತ್ಯಾನ ಮ್ಯಾಲೆ ಜೀವ ಇತ್ತು. ಅವಗೂ ನನ್ನ ಮ್ಯಾಲೆ ಇತ್ತು. ಸಿಟ್ಟು ಬರೋದೇ ಅದಕ್ಕ.

ನಿಜಾಮರ ರಾಜ್ಯ ಹೋತು. ಹೊಸಾ ಸರ್ಕಾರದ ಎಲೆಕ್ಷನ್ನಿಗೆ ಮುತ್ಯಾ ಮತ್ತ ಒಬ್ಬನೇ ನಿಂತ, ಬಿದ್ದ. ಸ್ವಂತ ಊರವರೇ ಕೈ ಬಿಟ್ರು. ಅವತ್ತು ರೋಡ್ ಮಗ್ಗಲ ಹೊಲದಾಗಿನ ತನ್ನ ಕಚೇರಿ ಕೋಣ್ಯಾಗ ಹೋಗಿ ಕುಂತಾವ ಸಾಯೋತನ ಅಲ್ಲೇ ಕುಂತ. ಅವ ಬ್ಯಾಡ ಅಂದ ಕಾಯ್ದೆ ಅವ ಬದುಕಿರುವಾಗೇ ಬಂತು. ಹೊಲ ಯಾರಿಗಂತ ಬರೆದಿಡದೇ ಹೋದ. ಹಿಂಗಾಗಿ ಅದೇ ಕಾಯ್ದೆ ಪ್ರಕಾರ ರೋಡ್ ಮಗ್ಗಲ ಹೊಲದಾಗ ಅವನ ಹೆಣ್ಣುಮಕ್ಕಳಿಗೂ ಪಾಲು ಬಂತು. ಉಳಿದವರು ಸಹಿ ಮಾಡಿ ಬಿಟ್ಟುಕೊಟ್ರು, ಬಿಡದೇ ಉಳಿದಾಕಿ ಒಬ್ಬಾಕಿನೇ, ನಮ್ಮ ಅತ್ತಿ, ನಮ್ಮಪ್ಪನ ತಂಗಿ.

ಅತ್ತಿಗೆ ಒಂಬತ್ತು ವರ್ಷಕ್ಕ ಲಗ್ನ ಮಾಡಿದ್ರು. ಗಂಡನ ಮನಿಗೆ ಹೋಗೋದರಾಗ ಗಂಡ ಜ್ವರ ಬಂದು ಸತ್ತ. ಅವನ ಮಾರಿ ಹೆಂಗಿತ್ತಂತ ಆಕಿಗೆ ನೆನಪಿಲ್ಲ, ಬಳಿ ಒಡದದ್ದು ನೆನಪದ. ನಮ್ಮವರಾಗ ಗಂಡ ಸತ್ತಾಕಿಗೆ ಉಡಿಕಿ, ಅಂದ್ರ ಎರಡನೇ ಲಗ್ನ, ಮಾಡಿಕೊಡೋ ರೂಢಿ ಅದ, ಬಡವರ ಮನ್ಯಾಗ ಮಾಡತಾರ. ಆಯಿ ಅತ್ತು ಕೇಳಿದ್ಲಂತ. ಮುತ್ಯಾ ಒಂದೇ ಮಾತು: 'ಮೆಂಬರ್ ಮನಿ ಮಗಳು ಎರಡು ಸಲ ಹಸಿಮಣಿ ಏರಂಗಿಲ್ಲ.' ಅಲ್ಲಿಗೆ ಮುಗೀತು. ಪ್ರತಿ ಪಂಚಮಿಗೆ ನಮ್ಮಪ್ಪ ಪಡಸಾಲ್ಯಾಗ ಉಳಿದ ಅಕ್ಕತಂಗ್ಯಾರಿಗೆ ಉಡಿ ತುಂಬಸತಿದ್ದ. ಅತ್ತಿ ಒಳಗ ಕುಂತು ಎಲ್ಲಾರಿಗೂ ಉಂಡಿ ಕಟ್ಟತಿದ್ದಳು. ಗಂಡ ಸತ್ತಾಕಿಗೆ ಉಡಿ ಇಲ್ಲ. ಆ ಮನಿ ಒಲಿ ಮುಂದ ಆಕಿ ಜಲ್ಮ ಹೋತು. ನಮ್ಮಪ್ಪ ಸತ್ತ ಮ್ಯಾಲೆ ಆಕಿ ಮುತ್ಯಾನ ಕಚೇರಿ ಕೋಣಿಗೆ ಹೋಗಿ ಇದ್ದಳು. ಆದ್ರ ಒಲಿ ಮಾತ್ರ ನನ್ನ ತಮ್ಮನ ಮನಿದೇ. ಬ್ಯಾರೆ ಒಲಿ ಹೂಡಿದ್ರ ಬ್ಯಾರೆ ಮನಿ ಆದಂಗ, ಅದಕ್ಕ ಆಕಿ ಎಂದೂ ಹೂಡಲಿಲ್ಲ.

ಈಗ ಮಾತಿಗೆ ಬರ್ತೇನಿ. ಎಲೆಕ್ಷನ್ ಮುಂದ ತಮ್ಮ ನನಗ ಫೋನ್ ಮಾಡಿದ.

"ಅಕ್ಕಾ, ನಾಳಿ ಅತ್ತಿನ್ನ ಅಫಜಲಪುರ ರಿಜಿಸ್ಟ್ರಾರ್ ಆಫೀಸಿಗೆ ಕರಕೊಂಡು ಹೋಗೋದದ. ನೀ ಹರ್ಯಾಗೇ ಬಾ. ನೀ ಹೇಳಿದ್ರ ಕೇಳತಾಳ."

"ಏನು ಹೇಳಬೇಕು?"

"ರೋಡ್ ಮಗ್ಗಲ ಹೊಲ, ಹಳೀ ಮನಿ, ಎಲ್ಲಾ ಮಾರಾಕತ್ತೇನಿ. ಎಲೆಕ್ಷನ್ನಿಗೆ ರೊಕ್ಕ ಬೇಕು, ಪೆಟ್ರೋಲ್ ಪಂಪಿನವರು ಕೇಳ್ಯಾರ. ಅತ್ತಿ ಹಕ್ಕು ಬಿಟ್ಟೇನಂತ ಒಂದು ಹೆಬ್ಬೆಟ್ಟು ಒತ್ತಬೇಕು, ಅಷ್ಟೇ. ನೀ ಸಹಿ ಮಾಡಿಲ್ಲೇನು?"

ಮಾಡೇನಿ. ಅಪ್ಪ ಸತ್ತ ಮ್ಯಾಲೆ ತಮ್ಮ ಇಳಕಲ್ ಸೀರಿ ತಂದು, ಹೆಂಡತಿ ಕಡಿಂದ ನನಗ ಉಡಿ ತುಂಬಿಸಿ, ಆಮ್ಯಾಲೆ ಆಫೀಸಿಗೆ ಕರಕೊಂಡು ಹೋಗಿದ್ದ. ನಮ್ಮ ಕಡೆ ಅದೇ ರಿವಾಜು. ಮೊದಲು ಉಡಿ, ಆಮ್ಯಾಲೆ ಸಹಿ. ತುಂಬಿದ ಉಡಿ ಕಟ್ಟಿಕೊಂಡು ನಿಂತಾಕಿಗೆ ಸಹಿ ಒಲ್ಲೆ ಅನ್ನಾಕ ಬಾಯಿ ಬರಂಗಿಲ್ಲ, ಅಂದ್ರ ತವರುಮನಿ ಬಾಗಲ ಮುಚ್ಚಿದಂಗ. ನನ್ನದು ನಡೀತು. ನರೋಣಾದ ಸಾಲ್ಯಾಗ ಮಾಸ್ತರಕಿ ಮಾಡೇನಿ, ಪಿಂಚಣಿ ಬರ್ತದ, ಆಳಂದದಾಗ ಸ್ವಂತ ಮನಿ ಅದ. ಅತ್ತಿಗೆ ಆ ಕೋಣಿ ಬಿಟ್ರ ಏನದ?

"ಅತ್ತಿ ಎಲ್ಲಿ ಇರ್ತಾಳ?" ಅಂದೆ.

"ನಾ ಕಟ್ಟಿಸಿದ ಜೇವರ್ಗಿ ಹೊಸ ಮನ್ಯಾಗ ಮೆಟ್ಟಲ ಭಾಳ ಅವ. ಆಕಿಗೆ ಮಣಕಾಲ ಇಲ್ಲ. ಯಾವುದರೆ ಮಠದಾಗ ಛಲೋ ವ್ಯವಸ್ಥಾ ನೋಡೋಣ."

ಫೋನ್ ಇಟ್ಟೆ.

ಮರುದಿನ ಮುಂಜಾನಿ ಮೊದಲನೇ ಬಸ್ಸಿಗೇ ಊರಿಗೆ ಹೋದೆ. ದಾರಿ ತುಂಬ ತೊಗರಿ ಕೊಯ್ಲು ನಡೆದಿತ್ತು. ಬಸ್ಸಿನಾಗ ಕುಂತು ತಮ್ಮಗ ಏನೇನು ಅನಬೇಕಂತ ಜೋಡಿಸಿಕೊಂಡಿದ್ದೆ. ಹೋಗಿ ನೋಡ್ತೇನಿ, ಬಾಗಲದಾಗ ಕಾರು ನಿಂತದ, ಪಡಸಾಲ್ಯಾಗ ಸಾಕ್ಷಿಗಂತ ಕರೆಸಿದ ಇಬ್ಬರು ಹಿರಿಯರು ಚಹಾ ಕುಡಿಯಾಕತ್ತಾರ. ತಮ್ಮ ಫೋನ್ ಕಿವಿಗೆ ಹಚ್ಚಿ ಅಂಗಳದಾಗ ಅತ್ತಿಂದಿತ್ತ ತಿರಗತಾನ. ಪಂಪಿನವರು ಅಫಜಲಪುರದಾಗ ಬಂದು ಕುಂತಾರ, ಇವತ್ತು ಆಗಲಿಲ್ಲ ಅಂದ್ರ ಬ್ಯಾರೆ ಹೊಲ ನೋಡತಾರಂತ.

ತಮ್ಮನ್ನ ಮಗ್ಗಲಿಗೆ ಎಳೆದೆ.

"ಮುತ್ಯಾನ ಫೋಟೋ ತೋರಿಸಿ ಓಟ ಕೇಳತಿ. ಮುತ್ಯಾನ ಮಗಳನ್ನ ಹೊರಗ ಹಾಕತಿ. ನಾಚಿಕಿ ಬರಂಗಿಲ್ಲೇನು ನಿನಗ?"

"ಅಕ್ಕಾ, ಇದು ನಿನ್ನ ಸಾಲಿ ಅಲ್ಲ, ಇಲ್ಲಿ ಪಾಠ ಮಾಡಬ್ಯಾಡ," ಅಂದ. ಮಾರಿ ಬಾಡಿತ್ತು, ಕಣ್ಣು ಕೆಂಪಾಗಿದ್ದವು. "ಈ ಸಲ ನಿಲ್ಲಲಿಲ್ಲ ಅಂದ್ರ ನಾ ಮುಗದಂಗ. ಆಕಿಗೆ ಇನ್ನ ಎಷ್ಟು ದಿನದ ಮಾತು?"

ಆ ಕೊನೀ ಮಾತು ಕೇಳಿ ಅವನ ಅಂಗಿ ಹಿಡಿಯೋಳಿದ್ದೆ. ಹಿರಿಯರು ನೋಡಾಕತ್ತಿದ್ರು, ಕೈ ಕೆಳಗ ಬಿಟ್ಟೆ.

ಅತ್ತಿ ಕೋಣಿಗೆ ಓಡಿದೆ. ಆಕಿ ಮಿಂದು, ಬಿಳಿ ಸೀರಿ ಉಟ್ಟು, ಗ್ವಾಡಿ ಮ್ಯಾಲಿನ ಮುತ್ಯಾನ ಫೋಟೋ ಸೆರಗಿಲೆ ಒರಸಾಕತ್ತಿದ್ದಳು. ತೊಂಬತ್ತರ ಹತ್ರ ವಯಸ್ಸು, ಇನ್ನೂ ಕಿವಿ ಸೂಕ್ಷ್ಮ.

"ಅತ್ತಿ, ಹೆಬ್ಬೆಟ್ಟು ಒತ್ತಬ್ಯಾಡ. ನಿನ್ನ ಮಠಕ್ಕ ಹಾಕತಾರ. ನಡಿ, ಆಳಂದಕ್ಕ ನನ್ನ ಮನಿಗೆ ನಡಿ."

"ನಿನ್ನ ಮನಿ ನಿನ್ನದು ಬೇ. ಅಲ್ಲಿ ನಾ ಯಾರು?"

"ಮತ್ತ ಒತ್ತತೀಯೇನು?"

"ಸುಮ್ಮ ಕೂಡು. ನನ್ನ ಊರೋ ಬಡಗಿ ಕೊಡು."

ಬಡಗಿ ಊರಿಕೊಂಡು ಹೊಲದ ಹಾದಿ ಹಿಡಿದು ಮನಿಗೆ ಬಂದಳು. ನಾ ಹಿಂದ ಹಿಂದ ಬಂದೆ. ಪಡಸಾಲ್ಯಾಗಿನ ಕಂಬಳಿ ಮ್ಯಾಲೆ ಹಿರಿಯರ ಎದುರಿಗೇ ಕುಂತಳು. ಅವರ ಎದುರಿಗೆ ಆಕಿ ಹಂಗ ಕುಂತದ್ದನ್ನ ನಾ ಎಂದೂ ನೋಡಿದ್ದಿಲ್ಲ.

"ಹೋಗೋಣ ತಮ್ಮಾ, ನಾ ತಯಾರಿದ್ದೇನಿ," ಅಂದಳು. "ಮೊದಲು ಉಡಿ ತುಂಬ್ರಿ."

ಅಡಗಿಮನಿ ಬಾಗಲದಾಗ ನಿಂತಿದ್ದ ತಮ್ಮನ ಹೆಂಡತಿ ಗಂಡನ ಮಾರಿ ನೋಡಿದಳು.

"ಅತ್ತಿ, ನಿನಗ ಉಡಿ ಹೆಂಗ ತುಂಬಾಕ ಬರ್ತದ? ಪದ್ಧತಿ ಇಲ್ಲಲ್ಲ," ಅಂದ ತಮ್ಮ.

"ಯಾರ ಪದ್ಧತಿ?"

"ಮುತ್ಯಾ ನಡಸಿಕೊಂಡು ಬಂದದ್ದು."

"ಅಪ್ಪ ಏನಂದಿದ್ದ? ನಿನ್ನ ಕಾಗದದ ಮ್ಯಾಲೆ ಕೆಂಪಗ ಬರಸಿಯಲ್ಲ, ಹೇಳು."

ತಮ್ಮ ಫೋನ್ ನೋಡಿಕೊಂಡ. ಅತ್ತಿ ನನ್ನ ಕಡೆ ನೋಡಿದಳು. ಅರವತ್ತು ದಾಟಿದಾಕಿ ನಾನು, ಹೊರಸಿನ ಮುಂದ ನಿಂತಂಗ ಕೈ ಕಟ್ಟಿ ನಿಂತು ಅಂದುಬಿಟ್ಟೆ. ವರ್ಷಾವರ್ಷ ಉಡಿ ತುಂಬತಾರ, ಜೀವ ಇರೋತನ ತುಂಬತಾರ, ಹೆಣ್ಣುಮಗಳ ಪಾಲು ಆಕಿ ಉಡಿಯಾಗ ಅದ. ಒಂದು ಅಕ್ಷರ ತಪ್ಪಲಿಲ್ಲ.

"ಕೇಳಿದೇನು?" ಅಂದಳು ಅತ್ತಿ. "ಇವರೆಲ್ಲಾರ ಪಾಲು ಉಡಿಯಾಗ ಹೋತು. ನನಗ ಉಡಿನೇ ಇಲ್ಲ. ಹಂಗಾದ್ರ ನನ್ನ ಪಾಲು ಎಲ್ಲದ? ಹೊಲದಾಗೇ ಅದ. ಅಪ್ಪನ ಪದ್ಧತಿ ಅಂದ್ರ ಪೂರಾ ಅಪ್ಪನ ಪದ್ಧತಿ ನಡಸು. ಉಡಿಯಾಗ ಹಾಕು, ಹೊಲ ಬಿಡತೇನಿ."

ಹಿರಿಯರಾಗ ಒಬ್ಬಾತ ಗಂಟಲ ಸರಿ ಮಾಡಿಕೊಂಡ. "ಗಂಡ ಸತ್ತಾಕಿಗೆ ಉಡಿ ತುಂಬಿದ್ರ ಊರಾಗ ಏನಂತಾರ್ರಿ? ಎಲೆಕ್ಷನ್ ಬ್ಯಾರೆ ಅದ," ಅಂದ. ಇನ್ನೊಬ್ಬಾತ, ಬಿಳಿ ಮೀಸಿಯಾವ, ನೆಲಾ ನೋಡಿಕೋತ ಕುಂತ.

ತಮ್ಮನ ಫೋನ್ ಬಡಕೋಳಾಕತ್ತಿತು. ಅವ ಎತ್ತಲಿಲ್ಲ. ಒಮ್ಮೆ ಹಿರಿಯರನ್ನ ನೋಡಿದ, ಒಮ್ಮೆ ಹೊರಗಿನ ಕಾರು ನೋಡಿದ. ನನಗ ಅವನ ಲೆಕ್ಕ ಮಾರಿ ಮ್ಯಾಲೇ ಕಾಣಸತಿತ್ತು. ಊರಿನ ಮಾತು ನಾಕು ದಿನ, ಹೊಲ ಹೋದ್ರ ಹೋತು. ಬ್ಯಾಡ ಅನ್ನು, ಬ್ಯಾಡ ಅನ್ನು ಅಂತ ನಾ ಒಳಗ ದೇವರಿಗೆ ಕೈ ಮುಗದೆ. ಜಲ್ಮದಾಗ ಮೊದಲನೇ ಸಲ ಆ ಹಾಳ ಪದ್ಧತಿ ಉಳೀಲಿ ಅಂತ ಬೇಡಿಕೊಂಡೆ ನೋಡ್ರಿ.

"ಆಗಲಿ," ಅಂದ ತಮ್ಮ. ಹೆಂಡತಿಗೆ, "ತುಂಬು. ಲಗೂನ ತುಂಬು."

ಮುಗೀತು ಅನಕೊಂಡೆ. ಕಂಬ ಹಿಡಕೊಂಡು ಕುಂತುಬಿಟ್ಟೆ. ಒಂದು ಸೇರು ಅಕ್ಕಿಗೆ ಮುದುಕಿ ಕೋಣಿ ಕಳಕೊಂಡಳು ಅಂತ ಆಕಿ ಮ್ಯಾಲೇ ಸಿಟ್ಟು ಬಂತು.

ತಮ್ಮನ ಹೆಂಡತಿ ಮಣಿ ಹಾಕಿ ಅತ್ತಿನ್ನ ಕೂಡಿಸಿದಳು. ಪರಾತದಾಗ ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಷಿಣ ಕೊಂಬು, ಅಡಕಿ, ಎಲಿ, ಮ್ಯಾಲೊಂದು ಹಸರು ಕುಬಸದ ಖಣ. ಮೊದಲು ಅತ್ತಿ ಕಾಲು ಮುಟ್ಟಿದಳು. ಅರಿಷಿಣ ಹಚ್ಚಿದಳು. ಕುಂಕುಮದ ಬಟ್ಟಲಕ್ಕ ಬಟ್ಟು ಅದ್ದಿದಾಕಿ ಅಲ್ಲೇ ನಿಂತಳು.

"ಅತ್ತಿ, ಹಚ್ಚಲ್ರಿ?"

"ಹಚ್ಚವ್ವ."

ವಿಭೂತಿ ಕೆಳಗ ಕುಂಕುಮ ಕುಂತಿತು. ಅತ್ತಿಗೆ ಉಡಿ ಒಡ್ಡಾಕ ಬರಲಿಲ್ಲ. ಕಣದಾಗ ಜೋಳ ತುಂಬಿಕೊಳ್ಳೋ ಹಂಗ ಸೆರಗು ಎರಡೂ ಕೈಲೆ ಅಗಲಕ್ಕ ಹಿಡದಳು. ತಮ್ಮನ ಹೆಂಡತಿ ಅದನ್ನ ಬಿಡಿಸಿ, ಮಡಿಚಿ, ಹಿಂಗ ಹಿಡೀಬೇಕ್ರಿ ಅಂತ ಕೈಯಾಗ ಕೊಟ್ಟಳು. ಅದನ್ನ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ, ಬಾಯಿಗೆ ಸೆರಗು ತುರುಕಿ ಅತ್ತೆ. ಅತ್ತಿ ಅಳಲಿಲ್ಲ. ಒಂದೊಂದು ಬೊಗಸಿ ಬಿದ್ದಾಗೂ ಬಗ್ಗಿ ನೋಡಿದಳು.

"ನಡಿ ಅತ್ತಿ, ಟೈಮಾತು," ಅಂದ ತಮ್ಮ, ಕಾರಿನ ಕೀಲಿ ಕೈಯಾಗ ಹಿಡಿದು.

ಅತ್ತಿ ಉಡಿ ಗಂಟು ಹಾಕಿ ನಡಕ್ಕ ಸಿಗಿಸಿಕೊಂಡಳು. ಕುಂತಲ್ಲಿಂದ ಏಳಲಿಲ್ಲ.

"ಇದು ಈ ವರ್ಷದ್ದಾತು ತಮ್ಮಾ. ಹಿಂದಿನವು?"

"ಯಾವ ಹಿಂದಿನವು?"

"ಅಪ್ಪ ವರ್ಷಾವರ್ಷ ಅಂದಾನಲ್ಲ. ಜೀವ ಇರೋತನ ಅಂದಾನಲ್ಲ. ನಿಮ್ಮಪ್ಪ ನನಗ ಒಂದು ಪಂಚಮಿಗೂ ತುಂಬಲಿಲ್ಲ. ಅವ ಹೋದ ಮ್ಯಾಲೆ ನೀನೂ ತುಂಬಲಿಲ್ಲ. ಎಲ್ಲಾ ಒಮ್ಮಿಗೇ ತುಂಬಾಕ ಬರಂಗಿಲ್ಲ, ಪಂಚಮಿಗೊಂದೇ ಉಡಿ. ತುಂಬಕೋತ ಬಾ. ಪೂರಾ ಆದ ದಿನ ನಾನೇ ನಡಕೋತ ಅಫಜಲಪುರಕ್ಕ ಬಂದು ಹೆಬ್ಬೆಟ್ಟು ಒತ್ತತೇನಿ. ಅಪ್ಪನ ಮಾತು ನಾ ಮೀರಂಗಿಲ್ಲ."

ಬಿಳಿ ಮೀಸಿಯಾತ ಎದ್ದ. ಮೂಲ್ಯಾಗಿನ ಚಪ್ಪಲಿ ಮೆಟ್ಟಿಕೊಂಡು, "ಮೆಂಬರನ ಮಗಳು ಖರೇ. ನನ್ನ ಸಾಕ್ಷಿ ಇದಕ್ಕ ಬ್ಯಾಡ ತಮ್ಮಾ," ಅಂದು ಅಂಗಳ ದಾಟಿದ. ಇನ್ನೊಬ್ಬಾತ ಅವನ ಹಿಂದ ಹೋದ, ಚಹಾದ ಕಪ್ಪು ಕೈಯಾಗೇ ಇತ್ತು, ಹೊಳ್ಳಿ ಬಂದು ಇಟ್ಟು ಹೋದ.

ತಮ್ಮ ಬಾಗಲದಾಗ ನಿಂತಿದ್ದ. "ನನ್ನ ಹಾಳ ಮಾಡಿದಿ ಅತ್ತಿ," ಅಂದ. ಅವನ ಮ್ಯಾಲೂ ಕನಿಕರ ಬಂತು ನನಗ, ಸುಳ್ಳು ಹೇಳಂಗಿಲ್ಲ. ಸಣ್ಣಾವಿದ್ದಾಗ ಅತ್ತಿನೇ ಅವಗ ತುತ್ತು ಮಾಡಿ ಉಣಿಸಿದಾಕಿ. ಅವ ಕಾರು ಹತ್ತಿ ಜೇವರ್ಗಿ ಕಡೆ ಹೋದ. ಮುಂದ ಹೆಂಗೋ ಎಲೆಕ್ಷನ್ನಿಗೆ ನಿಂತ, ಮುತ್ಯಾನಂಗೇ ಬಿದ್ದ. ಹೊಲ ಹೊಲದ ಜಾಗಾದಾಗೇ ಅದ.

ಅವತ್ತು ಮಧ್ಯಾಹ್ನ ನಾ ಬಸ್ಸಿಗೆ ಹೊಂಟಿದ್ದೆ. ಅತ್ತಿ ತನ್ನ ಕೋಣಿ ಮುಂದ ಮೂರು ಕಲ್ಲು ಹೂಡಿ ತೊಗರಿಕಟಗಿ ಒಟ್ಟಿ ಉರಿ ಹಚ್ಚಿದ್ದಳು. ಬೋಗಣಿಯಾಗ ಉಡಿ ಅಕ್ಕಿ ಕುದಿಯಾಕತ್ತಿತ್ತು. ಉಡಿ ಅಕ್ಕಿ ತವರಿನಿಂದ ಒಯ್ದು ತನ್ನ ಮನ್ಯಾಗ ಬೇಯಿಸಿ ಉಣ್ಣಬೇಕು. ಅಕ್ಕತಂಗ್ಯಾರೆಲ್ಲಾ ಒಯ್ಯೋದನ್ನ ಆಕಿ ಅಡಗಿಮನಿ ಕಿಟಕ್ಯಾಗಿಂದ ನೋಡಿದಾಕಿ. ಇಷ್ಟು ವರ್ಷ ಇಡೀ ಮನಿಗೆ ಅಡಗಿ ಮಾಡಿದ ಕೈ, ಅವತ್ತು ನೀರಿನ ಅಂದಾಜು ತಪ್ಪಿ ಅನ್ನ ಮುದ್ದಿ ಆಗಿತ್ತು.

"ಬಾ ಬೇ," ಅಂದಳು. "ನನ್ನ ಮನ್ಯಾಗ ಉಂಡು ಹೋಗು."

ಒಳಗ ಹೋಗಿ ಕುಂತೆ. ಎರಡು ತಾಟು ಇದ್ದವು. ನಮ್ಮ ಮನ್ಯಾಗ ಮೊದಲನೇ ತುತ್ತು ಮುತ್ಯಾಗ ಇಡೋದು ಹಳೀ ರೂಢಿ. ಕೈ ತಾನೇ ಹೋತು, ಒಂದು ತುತ್ತು ತಗದು ಗ್ವಾಡಿ ಮ್ಯಾಲಿನ ಫೋಟೋದ ಮುಂದ ಇಡಾಕ ಎದ್ದೆ.

ಅತ್ತಿ ನನ್ನ ಕೈ ಹಿಡದು ಕೂಡಿಸಿದಳು.

"ಅಪ್ಪಗ ಇಡಬ್ಯಾಡ ಬೇ," ಅಂದಳು. "ಅವ ಮಂದಿ ಮನ್ಯಾಗ ಉಣ್ಣಂಗಿಲ್ಲ."